ಆಕಾಶಬಂಧು ನಮ್ಮ ಮನೆಯಲ್ಲಿ ಇಳಿದುಕೊಂಡ ವಾರ

ಆ ಶುಕ್ರವಾರ ಬೆಳಗ್ಗೆ ನಮ್ಮೂರಿನ ಮೇಲೆ ಬೀಳುತ್ತಿದ್ದುದನ್ನು ಮಳೆ ಎನ್ನುವ ಹಾಗಿರಲಿಲ್ಲ. ಜರಡಿ ಹಿಡಿದ ಹಿಟ್ಟಿನಂತೆ ನುಣ್ಣಗೆ ಇಳಿಯುತ್ತಿತ್ತು. ಕೊಡೆ ಬಿಚ್ಚಿದರೆ ಜನ ನಗುತ್ತಿದ್ದರು, ಬಿಚ್ಚದಿದ್ದರೆ ಹಣೆಯ ವಿಭೂತಿ ತೊಳೆದುಹೋಗುತ್ತಿತ್ತು. ನಾನು ಕೊಡೆಯನ್ನು ಅರ್ಧ ಮಾತ್ರ ಬಿಚ್ಚಿ ಹಿಡಿದುಕೊಂಡು ಟಾಕೀಸಿನ ಕಡೆ ನಡೆದೆ. ಇಡೀ ಜನ್ಮವನ್ನೇ ಹಾಗೆ ಅರ್ಧ ಬಿಚ್ಚಿದ ಕೊಡೆಯ ಕೆಳಗೆ ಕಳೆದವರು ನೀವು ಎಂದು ನನ್ನ ಹೆಂಡತಿ ದಾಕ್ಷಾಯಣಿ ಹೇಳುತ್ತಾಳೆ. ಅವಳು ಸುಳ್ಳು ಹೇಳುವವಳಲ್ಲ.

ನನ್ನ ಹೆಸರು ಗುರುಪಾದಯ್ಯ. ಮಠದ ಕಟ್ಟೆಯ ಮೇಲೆ ಕೂತು ಸಂಜೆ ಹೊತ್ತು ಪುರಾಣ ಹೇಳುವುದು ನಮ್ಮ ಮನೆತನದ ಕೆಲಸ. ಅಜ್ಜ ಹೇಳುವಾಗ ಜನ ಅಳುತ್ತಿದ್ದರಂತೆ. ಅಪ್ಪ ಹೇಳುವಾಗ ತಲೆದೂಗುತ್ತಿದ್ದರು. ನಾನು ಹೇಳುವಾಗ ತೂಕಡಿಸುತ್ತಾರೆ. ಕಟ್ಟೆಯ ಮೇಲಿನಿಂದ ನೋಡಿದರೆ ತಲೆದೂಗುವುದಕ್ಕೂ ತೂಕಡಿಸುವುದಕ್ಕೂ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲವಾದ್ದರಿಂದ ನಾನು ಬಹಳ ವರ್ಷ ಸಮಾಧಾನವಾಗಿಯೇ ಇದ್ದೆ.

ಟಾಕೀಸು ಮಠದ ಜಾಗದಲ್ಲಿ ಕಟ್ಟಿದ್ದು. ಹಾಗಾಗಿ ಯಾವ ಚಿತ್ರ ತರಿಸಬೇಕೆಂದು ತೀರ್ಮಾನ ಮಾಡುವ ಪಂಚರಲ್ಲಿ ನನಗೂ ಒಂದು ಕುರ್ಚಿ ಇತ್ತು. ಆ ಕುರ್ಚಿಯಲ್ಲಿ ಕೂತು ನಾನು ಹದಿನೈದು ದಿನದ ಹಿಂದೆ ಮಾಡಿದ ಘನಕಾರ್ಯವೇ ಈ ಕಥೆಗೆ ಮೂಲ. 'ಆಕಾಶಬಂಧು' ಎಂಬ ಚಿತ್ರದ ಹಾಳೆ ಬಂದಿತ್ತು. ನೀಲಿ ಅಂಗಿ, ಬೆನ್ನಿಗೆ ಕೆಂಪು ವಸ್ತ್ರ, ಬಾಚಿದ ತಲೆ, ಮುಖದ ತುಂಬ ನಗು. ಆಕಾಶದಲ್ಲಿ ಹಾರುತ್ತಾನೆ, ಬಿದ್ದವರನ್ನು ಎತ್ತುತ್ತಾನೆ, ಎತ್ತಿದ ಮೇಲೆ ಕ್ಷೇಮ ವಿಚಾರಿಸುತ್ತಾನೆ. ಅಷ್ಟೇ. ಕಿರಾಣಿ ಅಂಗಡಿಯ ಬಸಲಿಂಗಪ್ಪ ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ ಪಕ್ಕಕ್ಕಿಟ್ಟ.

"ಈಗಿನ ಮಂದಿಗೆ ಒಳ್ಳೇವಾ ಹಿಡಸಂಗಿಲ್ರೀ ಅಯ್ಯಾರ. ಹೀರೋ ಅಂದ್ರ ಅವಂಗ ಒಳಗ ಏನರ ಒಂದು ಕೊರಿಯಾಕತ್ತಿರಬೇಕು. ಯಾರ ಮ್ಯಾಲರ ಸೇಡು ಇರಬೇಕು. ನಿದ್ದಿ ಬರಬಾರದು. ಇಂವ ನೋಡಿದ್ರ ಹಲ್ಲು ತೋರಿಸಿ ನಗತಾನ, ಮುದಿಕೀನ ರಸ್ತೆ ದಾಟಸ್ತಾನ. ಅದನ್ನ ನೋಡಾಕ ಟಿಕೀಟ್ ಯಾಕ ಬೇಕು?"

"ಒಳ್ಳೆಯತನಕ್ಕೆ ಈಗಿನ ಕಾಲ ಆಗಿನ ಕಾಲ ಅಂತ ಇಲ್ಲ," ಎಂದೆ ನಾನು. ಕಟ್ಟೆಯ ಮೇಲಿನ ದನಿಯಲ್ಲೇ ಹೇಳಿದೆ. "ಜನರ ಎದೆಯಲ್ಲಿ ಒಳ್ಳೆಯವನಿಗಾಗಿ ಒಂದು ಮಣೆ ಯಾವಾಗಲೂ ಹಾಕಿಯೇ ಇರುತ್ತದೆ."

"ಹಂಗಾದ್ರ ಅಂವ ಬಂದಾಗ ನಿಮ್ಮ ಮನ್ಯಾಗ ಮಣಿ ಹಾಕ್ರಿ," ಎಂದ ಬಸಲಿಂಗಪ್ಪ. ಉಳಿದ ಮೂವರು ನಕ್ಕು ಒಪ್ಪಿಗೆ ಕೊಟ್ಟರು.

ನಮ್ಮೂರಲ್ಲಿ ಶುಕ್ರವಾರದ ಮೊದಲ ಆಟ ಮುಗಿದ ಮೇಲೆ ಚಿತ್ರದ ನಾಯಕ ಹೆಂಗಸರ ಕಡೆಯ ಬಾಗಿಲಿನಿಂದ ಹೊರಗೆ ಬಂದು ಕುಡಿಯಲು ನೀರು ಕೇಳುತ್ತಾನೆ. ಗುರುವಾರ ಸಂಜೆಯ ಆಟದವರೆಗೆ ಊರಲ್ಲಿರುತ್ತಾನೆ. ಯಾರ ಮನೆಯಲ್ಲಿ ಇಳಿಸಿಕೊಳ್ಳಬೇಕೆಂಬುದಕ್ಕೆ, ಆಸೆಯಿದ್ದವರು ಹೆಸರು ಬರೆದು ಕೊಡದೊಳಗೆ ಹಾಕಿದ ಚೀಟಿಗಳಲ್ಲಿ ಒಂದನ್ನು ಎತ್ತುತ್ತೇವೆ. ಅವನು ಊರಲ್ಲಿರುವಷ್ಟು ದಿನ ಪರದೆಯ ಮೇಲೆ ಅವನ ನೆರಳು ಹೇಗೋ ಕೆಲಸ ನಡೆಸಿಕೊಂಡು ಹೋಗುತ್ತದೆ. ಗುರುವಾರ ಸಂಜೆ ಪರದೆಯ ಮೇಲೆ ಅವನ ಹೆಸರು ಬೀಳುವಾಗ ಜನ ಶಿಳ್ಳೆ ಹೊಡೆಯಬೇಕು. ಆ ಸದ್ದಿಗೆ ಪರದೆಯ ಬಟ್ಟೆ ಸಡಿಲಾಗುತ್ತದೆ, ಅವನು ಒಳಗೆ ಹೋಗುತ್ತಾನೆ, ಚಿತ್ರದ ಪೆಟ್ಟಿಗೆ ಮುಂದಿನ ಊರಿಗೆ ಹೋಗುತ್ತದೆ. ಶಿಳ್ಳೆ ಬೀಳದಿದ್ದರೆ ಬಟ್ಟೆ ಬಟ್ಟೆಯಾಗಿಯೇ ಇರುತ್ತದೆ. ಎಲ್ಲ ಊರಲ್ಲೂ ಹೀಗೇ ಎಂದುಕೊಂಡು ಬೆಳೆದವನು ನಾನು. ಬೇರೆ ಕಡೆ ಆಟ ಮುಗಿದ ಮೇಲೆ ಜನ ಸುಮ್ಮನೆ ಮನೆಗೆ ಹೋಗುತ್ತಾರೆಂದು ಕೇಳಿದಾಗ ಅವರ ಬಗ್ಗೆ ಕನಿಕರವಾಗಿತ್ತು.

ಹಿಂದಿನ ವಾರ ಬಂದಿದ್ದವನು ಸೇಡಿಗಾಗಿ ನಾಲ್ಕು ನಗರ ಸುಟ್ಟವನು. ಅವನಿಗಾಗಿ ಇನ್ನೂರ ಹನ್ನೆರಡು ಚೀಟಿ ಬಿದ್ದಿದ್ದವು. ಎತ್ತಿದ್ದು ಬಸಲಿಂಗಪ್ಪನ ಹೆಸರು. ಅವನ ಮನೆಯಲ್ಲಿ ಇಳಿದ ಆ ಪುಣ್ಯಾತ್ಮ ಏಳು ದಿನ ಯಾರ ಹತ್ತಿರವೂ ಮಾತಾಡಲಿಲ್ಲ, ಎರಡು ಮಂಚ ಮುರಿದ, ಮಾಳಿಗೆಯ ಮೇಲೆ ನಿಂತು ದೂರ ನೋಡಿದ. ಅವನು ಎಸೆದ ತಂಬಿಗೆಯಿಂದ ಗೋಡೆಗೆ ಬಿದ್ದ ತಗ್ಗನ್ನು ಬಸಲಿಂಗಪ್ಪನ ಸೊಸೆ ಈಗಲೂ ಬಂದವರಿಗೆ ತೋರಿಸುತ್ತಾಳೆ. ಈ ಶುಕ್ರವಾರ ಕೊಡದೊಳಗೆ ಕೈ ಹಾಕಿದಾಗ ಸಿಕ್ಕಿದ್ದು ಒಂದೇ ಚೀಟಿ. ಅಕ್ಷರ ಬಸಲಿಂಗಪ್ಪನದು, ಹೆಸರು ನನ್ನದು.

ಆಕಾಶಬಂಧು ಬಾಗಿಲಿನಿಂದ ಹೊರಗೆ ಬಂದ. ನೀರು ಕೇಳಿದ, ಕುಡಿದ, ತಂಬಿಗೆಯನ್ನು ತೊಳೆದು ಎರಡೂ ಕೈಯಲ್ಲಿ ಹಿಂದಕ್ಕೆ ಕೊಟ್ಟು, "ಧನ್ಯವಾದಗಳು ತಾಯಿ, ಬಾವಿಯ ನೀರು ಬಲು ಸಿಹಿಯಾಗಿದೆ," ಎಂದ. ನಿಂತಿದ್ದ ಹೆಂಗಸರ ಮುಖ ಸಪ್ಪಗಾಯಿತು. "ಅಷ್ಟ ಏನು?" ಎಂದಳೊಬ್ಬಳು.

ಮನೆಗೆ ಕರೆದುಕೊಂಡು ಬಂದೆ. ಮೊದಲ ದಿನ ನನಗೆ ಬಹಳ ಹೆಮ್ಮೆ. ಜೀವನವಿಡೀ ಯಾರ ಗುಣಗಾನ ಮಾಡಿದೆನೋ ಅಂಥವನೊಬ್ಬ ನಮ್ಮ ಪಡಸಾಲೆಯಲ್ಲಿ ಚಾಪೆ ಹಾಸಿ ಮಲಗಿದ್ದಾನೆ. ಗುರುವೇ, ಇನ್ನೇನು ಬೇಕು ಎಂದುಕೊಂಡೆ. ಶನಿವಾರ ಬೆಳಗ್ಗೆ ನಾನು ಐದಕ್ಕೆ ಎದ್ದೆ. ಐದಕ್ಕೆ ಏಳುತ್ತೇನೆಂದು ಊರಿಗೆಲ್ಲ ಹೇಳಿಕೊಂಡು ತಿರುಗುವವನು ನಾನು. ನೋಡಿದರೆ ಅಂಗಳ ಗುಡಿಸಿತ್ತು, ಪೂಜೆಗೆ ಬಿಲ್ವಪತ್ರೆ ಆರಿಸಿಟ್ಟಿತ್ತು, ನಾನು ಮೂರು ವರ್ಷದಿಂದ ನಾಳೆ ಮಾಡುತ್ತೇನೆ ಎನ್ನುತ್ತಿದ್ದ ಹಿತ್ತಿಲ ಬಾಗಿಲಿನ ಚಿಲಕ ಸರಿಯಾಗಿತ್ತು. ಆಕಾಶಬಂಧು ಬೇವಿನಮರದ ಎತ್ತರಕ್ಕೆ ಹಾರಿ ಒಂದು ಗುಬ್ಬಿಮರಿಯನ್ನು ಗೂಡಿಗೆ ಸೇರಿಸುತ್ತಿದ್ದ. ದಾಕ್ಷಾಯಣಿ ಕೆಳಗೆ ನಿಂತು ಸೆರಗು ಕಟ್ಟಿಕೊಂಡು ನೋಡುತ್ತಿದ್ದಳು. ಆ ಚಿಲಕದ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದಳು.

ಅಂದು ಮಧ್ಯಾಹ್ನ ದೂರದ ಸಂಬಂಧಿಯೊಬ್ಬ ಬಾಗಿಲಲ್ಲಿ ಕೂಗಿದ. ಊಟದ ಹೊತ್ತಿಗೆ ಸರಿಯಾಗಿ ಬಂದು ಮೂರು ದಿನ ಕೂರುವ ಪೈಕಿ ಅವನು. ನಾನಿಲ್ಲವೆಂದು ಹೇಳು ಎಂದು ದಾಕ್ಷಾಯಣಿಗೆ ಸನ್ನೆ ಮಾಡಿ ಬಾಗಿಲ ಹಿಂದೆ ಸರಿದೆ. ಅವಳು ಬಾಯಿ ತೆರೆಯುವ ಮೊದಲೇ ಆಕಾಶಬಂಧು ಪ್ರಸನ್ನನಾಗಿ, "ಅಯ್ಯನವರು ಇದ್ದಾರೆ, ಬಾಗಿಲ ಹಿಂದೆ ನಿಂತಿದ್ದಾರೆ," ಎಂದ. ಭಾನುವಾರ ಹಾಲಿನವಳ ಮೇಲೆ ನಾನು ರೇಗಿದೆ. ಸಂಜೆ ಅವಳು ಕಣ್ಣೊರೆಸಿಕೊಂಡು ಬಂದು, "ನೀವು ಹೇಳಿ ಕಳಿಸಿದ್ದು ಮುಟ್ಟಿತ್ರೀ ಯಪ್ಪಾ, ಅಷ್ಟ ಅಂದ್ರಲ್ಲ, ಸಾಕು," ಎಂದಳು. ನಾನೇನು ಹೇಳಿ ಕಳಿಸಿದ್ದೆ? ವಿಚಾರಿಸಿದರೆ ಇವನು ಹೋಗಿ ನನ್ನ ಪರವಾಗಿ ಕ್ಷಮೆ ಕೇಳಿ ಬಂದಿದ್ದಾನೆ. "ನೀವು ಕೇಳಬೇಕೆಂದಿದ್ದಿರಿ, ಹೊತ್ತು ಸಿಕ್ಕಿರಲಿಲ್ಲ ಅಲ್ಲವೆ?" ಎಂದ. ನಾನು ಹೌದೆಂದೆ. ಅದೂ ಸುಳ್ಳೇ.

ಎಲ್ಲಕ್ಕಿಂತ ದೊಡ್ಡ ಕಷ್ಟವೆಂದರೆ ಅವನು ಸಂಜೆ ನನ್ನ ಪುರಾಣಕ್ಕೆ ಬಂದು ಕೂರುತ್ತಿದ್ದ. ಎಚ್ಚರವಾಗಿ ಕೇಳುತ್ತಿದ್ದ. ಮೂವತ್ತು ವರ್ಷದಲ್ಲಿ ಯಾರಾದರೂ ನನ್ನನ್ನು ಎಚ್ಚರವಾಗಿ ಕೇಳಿದರೆ ಹೇಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಎರಡು ಕಡೆ ಕಥೆ ಮರೆತುಹೋಯಿತು. ಭಾನುವಾರ ರಾತ್ರಿ ಊಟಕ್ಕೆ ಕೂತಾಗ ನಾನು ಮನಸ್ಸಿನಲ್ಲಿ, ಇವನೂ ಒಂದು ಮಂಚ ಮುರಿಯಬಾರದೇ ಎಂದುಕೊಂಡೆ. ಆಮೇಲೆ ಶಿವ ಶಿವಾ ಎಂದು ಗಲ್ಲ ಬಡಿದುಕೊಂಡೆ. "ಸೊಳ್ಳೆಯೆ, ಅಯ್ಯನವರೆ?" ಎಂದು ಅವನು ಬೀಸಣಿಗೆ ತಂದ.

ಸೋಮವಾರ ಬೆಳಗ್ಗೆ ದಾವಲಸಾಬ ಬಂದ. ಟಾಕೀಸಿನಲ್ಲಿ ಚಿತ್ರ ಬಿಡುವವನು ಅವನೇ, ಅವನ ಅಪ್ಪನೂ ಅದೇ ಕೆಲಸದಲ್ಲಿದ್ದ. ಪಡಸಾಲೆಯಲ್ಲಿ ಕೂತು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಅಯ್ಯಾರ, ನಿನ್ನೆ ಸಂಜಿ ಆಟಕ್ಕ ಆರು ಮಂದಿ. ಅದರಾಗ ಇಬ್ಬರು ಫ್ಯಾನಿನ ಕೆಳಗ ಮಲಗಾಕ ಬಂದವರು. ಹಿಂಗಾದ್ರ ಗುರುವಾರ ಶಿಳ್ಳಿ ಹೊಡ್ಯಾಕ ಒಂದು ತುಟಿ ಸಿಗೂದಿಲ್ಲ."

"ಸಿಗದಿದ್ದರೆ?"

"ಸಿಗದಿದ್ರ ಏನಾಗತೈತಿ ಅನ್ನೂದು ನಿಮಗ ಗೊತ್ತಿಲ್ಲೇನು? ಉಳಿದಪ್ಪನ ಗಿರಣಿಗೆ ಹೋಗಿ ಒಂದ್ಸಲ ನೋಡಿ ಬರ್ರಿ."

ಉಳಿದಪ್ಪ ನಲವತ್ತು ವರ್ಷದ ಹಿಂದೆ ಒಬ್ಬ ಆದರ್ಶ ಮಾಸ್ತರನ ಚಿತ್ರದಿಂದ ಹೊರಗೆ ಬಂದವನು. ಗುರುವಾರ ಜೋರು ಮಳೆಯಿತ್ತು, ಆಟಕ್ಕೆ ಯಾರೂ ಹೋಗಲಿಲ್ಲ. ಶಿಳ್ಳೆ ಬೀಳಲಿಲ್ಲ, ಅವನು ಉಳಿದುಬಿಟ್ಟ. ಪೆಟ್ಟಿಗೆ ಅವನಿಲ್ಲದೆ ಮುಂದಿನ ಊರಿಗೆ ಹೋಯಿತು. ಅಲ್ಲಿ ಎರಡೂವರೆ ತಾಸು ಪರದೆಯ ಮೇಲೆ ಬರೀ ಒಂದು ಖಾಲಿ ಕುರ್ಚಿ, ಅದರ ಮುಂದೆ ಪಾಟಿ ಹಿಡಿದು ಕಾಯುತ್ತ ಕೂತ ಮಕ್ಕಳು ಕಂಡರೆಂದು ಸುದ್ದಿ ಬಂತು. ಈಗ ಅವನು ಹಿಟ್ಟಿನ ಗಿರಣಿ ನಡೆಸುತ್ತಾನೆ. ಜೋಳ ಬೀಸಿ ಕೊಡುವಾಗ ಸೇರಿಗೆ ಒಂದು ಹಿಡಿ ಹಿಟ್ಟು ಕಡಿಮೆ ಬರುತ್ತದೆ.

"ಮೊದಲ ಹತ್ತು ವರ್ಷ ತ್ರಾಸ ಆತ್ರೀ," ಎಂದ ಉಳಿದಪ್ಪ, ಗಿರಣಿಯ ಸದ್ದಿನ ಮೇಲೆ ದನಿ ಎತ್ತಿ. "ಖರೇ ಖರೇ ಮಾತಾಡಿ ಮಾತಾಡಿ ಎಲ್ಲಾರ ಕೂಡ ಜಗಳ. ಆಮ್ಯಾಲೆ ನಿಮ್ಮನ್ನೆಲ್ಲ ನೋಡಿ ಕಲತೆ. ಅಭ್ಯಾಸ ಆಗತೈತಿ. ಆ ಹುಡುಗಗೂ ಆಗತೈತಿ, ಕಾಳಜಿ ಮಾಡಬ್ಯಾಡ್ರಿ." ನಾನು ಬೀಸಲು ಒಯ್ದಿದ್ದ ಜೋಳದ ಚೀಲ ತೂಗಿ ಕೊಟ್ಟ. ಒಂದು ಹಿಡಿ ಕಡಿಮೆಯಿತ್ತು. ನಮ್ಮೂರು ಅವನಿಗೆ ಕಲಿಸಿದ್ದು ಅದೊಂದೇ ವಿದ್ಯೆ ಇರಬೇಕು.

ಮನೆಗೆ ಬಂದು ಆಕಾಶಬಂಧುವಿಗೆ ಸುತ್ತಿ ಬಳಸಿ ವಿಷಯ ಹೇಳಿದೆ. ಅವನು ನಮ್ಮ ಗಡಿಗೆಯಲ್ಲಿ ಮಜ್ಜಿಗೆ ಕಡೆಯುತ್ತಿದ್ದವನು ನಿಲ್ಲಿಸಿದ. ಅವನ ನಗು ಹೋದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಅಯ್ಯನವರೆ, ಎಂಟನೆಯ ರೀಲಿನಲ್ಲಿ ಒಂದು ಸೇತುವೆ ಮುರಿಯುತ್ತದೆ. ಮೇಲೆ ಶಾಲೆಯ ಬಸ್ಸು ನಿಂತಿದೆ. ಇಪ್ಪತ್ತಮೂರು ಮಕ್ಕಳು, ಒಬ್ಬ ಚಾಲಕ. ಈ ವಾರ ನನ್ನ ನೆರಳು ಹಿಡಿದುಕೊಂಡಿದೆ. ಗುರುವಾರ ದಾಟಿದರೆ ನೆರಳಿಗೆ ಅಷ್ಟು ಬಲವಿರುವುದಿಲ್ಲ." ಕಡಗೋಲನ್ನು ಪಕ್ಕಕ್ಕಿಟ್ಟು ಕೇಳಿದ, "ಜನ ಬರುವುದಿಲ್ಲವೆ?"

"ಬರ್ತಾರೆ," ಎಂದೆ. ಅಲ್ಲಿಗೆ ಆ ವಾರದ ಎಷ್ಟನೆಯ ಸುಳ್ಳೋ.

ರಾತ್ರಿಯೆಲ್ಲ ಯೋಚನೆ ಮಾಡಿದೆ. ಚಿತ್ರ ತರಿಸಿದವನು ನಾನು. ಮಣೆಯ ಮಾತಾಡಿದವನು ನಾನು. ಹಾಗೆ ನೋಡಿದರೆ ನನಗೂ ಒಳಗೊಳಗೆ ಗೊತ್ತಿತ್ತು. ಪುರಾಣದಲ್ಲಿ ರಾಜ ದಾನ ಮಾಡುವ ಸಂಧಿ ಬಂದರೆ ಕಟ್ಟೆಯ ಕೆಳಗೆ ಗೊರಕೆ, ರಾಕ್ಷಸ ಹುಟ್ಟಿದ ಕೂಡಲೇ ಎಲ್ಲರೂ ಎದ್ದು ಕೂರುತ್ತಾರೆ. ನಾನು ರಾಕ್ಷಸನನ್ನು ಬೇಗ ಬೇಗ ಸಾಯಿಸಿ ಮತ್ತೆ ದಾನಕ್ಕೆ ಬರುವವನು. ಅದೇ ನನ್ನ ಸೋಲು. ಬೆಳಗಿನ ಹೊತ್ತಿಗೆ ನನಗೊಂದು ಉಪಾಯ ಹೊಳೆಯಿತು. ದೇವರು ಕೊಟ್ಟ ಉಪಾಯ ಎಂದುಕೊಂಡೆ. ನನಗೆ ಹೊಳೆದ ಎಲ್ಲ ಕೆಟ್ಟ ಉಪಾಯಗಳ ಬಗ್ಗೆಯೂ ಮೊದಲು ಹಾಗೇ ಅಂದುಕೊಂಡಿರುತ್ತೇನೆ.

ಮಂಗಳವಾರ ಸಂಜೆ ಆಕಾಶಬಂಧುವನ್ನು ಹೊಳೆಯಾಚೆಯ ಒಂದು ಮನೆಯ ಹಂಚು ಸರಿಮಾಡಲು ಕಳಿಸಿ ಕಟ್ಟೆ ಏರಿದೆ. ಹನ್ನೊಂದು ಜನ ಇದ್ದರು. ಗಣಸ್ತುತಿ ಮುಗಿಸಿ, ಕಣ್ಣು ಮುಚ್ಚಿ, ದನಿ ಇಳಿಸಿ ಹೇಳಿದೆ: "ಆಕಾಶಬಂಧುವಿಗೆ ಒಬ್ಬ ತಮ್ಮನಿದ್ದ."

ತೂಕಡಿಸಲು ಅಣಿಯಾಗಿದ್ದ ತಲೆಗಳು ಅಲ್ಲೇ ನಿಂತವು.

ಇಬ್ಬರೂ ಒಟ್ಟಿಗೆ ಹಾರುತ್ತಿದ್ದರು ಎಂದೆ. ತಮ್ಮ ಅಣ್ಣನಿಗಿಂತ ಒಂದು ಗೇಣು ಮೇಲೆ ಹಾರುತ್ತಿದ್ದ ಎಂದೆ. ಒಂದು ದಿನ ಮೋಡದ ನಡುವೆ ತಮ್ಮನ ಬಲ ಹೋಯಿತು, ಅಣ್ಣನ ಕೈ ಹಿಡಿದುಕೊಂಡ. "ಆ ಕೈ ಜಾರಿತೋ, ಕೈ ಬಿಟ್ಟನೋ?" ಎಂದು ಕೇಳಿ ಪುಸ್ತಕ ಮುಚ್ಚಿ ಮಂಗಳ ಹಾಡಿದೆ. ಯಾರೂ ಏಳಲಿಲ್ಲ. "ಮುಂದ ಹೇಳ್ರಿ ಅಯ್ಯಾರ!" ಎಂದು ಒಬ್ಬ ಕೂಗಿದ. ನನ್ನ ಮೈ ಜುಮ್ಮೆಂದಿತು. ಸತ್ಯವಾಗಿ ಹೇಳುತ್ತೇನೆ, ಆ ಕ್ಷಣದಲ್ಲಿ ನನಗೆ ಬಸ್ಸೂ ನೆನಪಿರಲಿಲ್ಲ, ಮಕ್ಕಳೂ ನೆನಪಿರಲಿಲ್ಲ.

ಬುಧವಾರ ಕಟ್ಟೆಯ ಸುತ್ತ ಕಾಲಿಡಲು ಜಾಗವಿರಲಿಲ್ಲ. ಹೆಂಗಸರು ಮಠದ ಮಾಳಿಗೆಯ ಮೇಲೂ ಕೂತಿದ್ದರು. ಆಕಾಶಬಂಧು ಅಂದು ಉಳಿದಪ್ಪನ ಗಿರಣಿಯ ಪಟ್ಟಿ ಹರಿದಿದ್ದರಿಂದ ಕೈಯಲ್ಲೇ ಗಾಲಿ ತಿರುಗಿಸಲು ಹೋಗಿದ್ದ. ನಾನು ತಮ್ಮನ ರಕ್ತ, ಅಣ್ಣನ ಹೊಟ್ಟೆಕಿಚ್ಚು, ನಗುಮುಖದ ಹಿಂದಿನ ಕತ್ತಲೆ, ಒಂದನ್ನೂ ಬಿಡಲಿಲ್ಲ. ಉಳಿದದ್ದನ್ನು ಗುರುವಾರ ಸಂಜೆ ಪರದೆಯ ಮೇಲೆ ಗಮನವಿಟ್ಟು ನೋಡಿದವರು ತಿಳಿಯುತ್ತಾರೆ ಎಂದು ಮುಗಿಸಿದೆ. ಪುರಾಣ ಮನಸ್ಸಿಗೆ ಹಿಡಿದವರು ಏಳುವಾಗ ಕಟ್ಟೆಯ ಬುಡದಲ್ಲಿ ಒಂದು ತೆಂಗಿನಕಾಯಿ ಇಟ್ಟು ಹೋಗುವುದು ನಮ್ಮಲ್ಲಿ ವಾಡಿಕೆ. ಕಾಯಿಯ ಮೇಲೆ ಅವರವರ ಮನೆಯ ಗುರುತನ್ನು ಅರಿಶಿನದಲ್ಲಿ ಬರೆದಿರುತ್ತಾರೆ. ಹೇಳಿದ್ದು ನಿಜವೆಂದು ನಾನು ಮಾತು ಕೊಟ್ಟಂತೆ, ಅದನ್ನು ನಂಬಿದೆವೆಂದು ಅವರು ಮಾತು ಕೊಟ್ಟಂತೆ. ಸಾಮಾನ್ಯವಾಗಿ ಎರಡು ಬರುತ್ತಿದ್ದವು, ಹಬ್ಬದ ದಿನ ಐದು. ಅಂದು ಎತ್ತಿಕೊಂಡು ಹೋಗಲು ನನ್ನ ಕೈ ಸಾಲದೆ ಮಠದ ತಳ್ಳುಗಾಡಿ ತರಿಸಬೇಕಾಯಿತು. ಗಾಡಿ ತಳ್ಳುತ್ತ ನಡೆದಾಗ ನನ್ನ ಅಜ್ಜ ಮೇಲಿನಿಂದ ನೋಡುತ್ತಿದ್ದಾನೆ ಎನ್ನಿಸಿತು. ಆ ನೋಟ ಎಂಥದ್ದಿರಬಹುದೆಂದು ಯೋಚಿಸಲು ಹೋಗಲಿಲ್ಲ.

ಗುರುವಾರ ಮೂರು ಗಂಟೆಗೇ ಟಾಕೀಸಿನ ಮುಂದೆ ಸಾಲು ನಿಂತಿತು. ಆಕಾಶಬಂಧುವನ್ನು ಕರೆದುಕೊಂಡು ಹೋದೆ. ಅವನಿಗೆ ಸಂತೋಷವೋ ಸಂತೋಷ. "ಬಂದಿದ್ದಾರೆ, ಅಯ್ಯನವರೆ! ನೀವು ಹೇಳಿದಂತೆಯೇ ಬಂದಿದ್ದಾರೆ!" ಎಂದು ನಾಲ್ಕು ಅಂಗುಲ ನೆಲ ಬಿಟ್ಟು ನಡೆಯುತ್ತಿದ್ದ. ಸಾಲಿನಲ್ಲಿದ್ದ ಹಾಲಿನವಳು ಅವನ ಕೈ ಹಿಡಿದು ತಿರುಗಿಸಿ ನೋಡಿದಳು. ಅವಳ ಕಣ್ಣು ಹೊಳೆಯುತ್ತಿದ್ದವು.

"ಇದ ಕೈಲೆ ಬಿಟ್ಟೀಯೇನು ತಮ್ಮನ್ನ? ಎಂಥಾ ಪಾಪಿ ಅದಿಯೋ! ಇದ ಕೈಲೆ ನನ್ನ ಕೊಡ ಎತ್ತಿದ್ಯಲ್ಲೋ!" ಎಂದು ಅವನ ಗಲ್ಲ ಸವರಿ ನೆಟಿಗೆ ಮುರಿದಳು.

ಆಕಾಶಬಂಧು ನೆಲಕ್ಕೆ ಇಳಿದ. ನನ್ನ ಕಡೆ ನೋಡಿದ. "ನನಗೆ ತಮ್ಮನಿಲ್ಲ, ಅಯ್ಯನವರೆ."

ಅವನನ್ನು ಪಕ್ಕದ ಗೋಡೆಯ ಮರೆಗೆ ಎಳೆದು ಎಲ್ಲ ಹೇಳಿದೆ. ಕೈ ಮುಗಿದೆ. "ಈ ಕಡೆ ಒಂದು ಸುಳ್ಳು, ಬಂಧು, ಆ ಕಡೆ ಇಪ್ಪತ್ತಮೂರು ಮಕ್ಕಳು. ನೀನು ಏನೂ ಹೇಳಬೇಡ. ಸುಮ್ಮನೆ ನಿಲ್ಲು. ಸುಮ್ಮನೆ ನಿಲ್ಲುವುದು ಸುಳ್ಳಲ್ಲ."

"ಸುಮ್ಮನೆ ನಿಲ್ಲಲು ನನಗೆ ಬರುವುದಿಲ್ಲ," ಎಂದ ಅವನು, ತಪ್ಪು ಒಪ್ಪಿಕೊಳ್ಳುವವನ ಹಾಗೆ. "ಅದು ನನ್ನ ದೊಡ್ಡತನವಲ್ಲ. ನನ್ನನ್ನು ಬರೆದವರು ಅಷ್ಟೇ ಬರೆದಿದ್ದಾರೆ."

ಟಾಕೀಸು ತುಂಬಿತ್ತು. ಗೋಡೆಗೆ ಒರಗಿ ನಿಂತವರೇ ನೂರು ಜನ. ಮುಂದಿನ ಸಾಲಿನಲ್ಲಿ ಬಸಲಿಂಗಪ್ಪ ಮನೆಮಂದಿಯನ್ನೆಲ್ಲ ಕರೆತಂದು ಶೇಂಗಾ ತಿನ್ನುತ್ತಿದ್ದ. ಆಕಾಶಬಂಧು ಪರದೆಯ ಮುಂದಿನ ಕಟ್ಟೆ ಏರಿ ನಿಂತು ನಮಸ್ಕಾರ ಮಾಡಿದ.

"ಬಂಧುಗಳೆ, ನನಗೆ ತಮ್ಮನಿರಲಿಲ್ಲ. ನಾನು ಯಾರನ್ನೂ ಬೀಳಿಸಿಲ್ಲ. ನನ್ನೊಳಗೆ ಕತ್ತಲೆ ಇದೆಯೇ ಎಂದು ಈಗ ತಾನೆ ಹುಡುಕಿದೆ, ಕಾಣಲಿಲ್ಲ. ಅಯ್ಯನವರು ನನ್ನ ಮೇಲಿನ ಪ್ರೀತಿಯಿಂದ ಹಾಗೆ ಹೇಳಿದರು. ಅವರನ್ನು ಮನ್ನಿಸಿ. ನೀವು ನಾನಲ್ಲದ ಒಬ್ಬನನ್ನು ನೋಡಲು ಬಂದಿದ್ದೀರಿ, ಅವನು ಈ ಚಿತ್ರದಲ್ಲಿಲ್ಲ. ಹೋಗುವವರು ಹೋಗಬಹುದು. ಕತ್ತಲಲ್ಲಿ ಮೆಟ್ಟಿಲು ನೋಡಿಕೊಂಡು ಇಳಿಯಿರಿ."

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಜನ ಸುಮ್ಮನೆ ಏಳತೊಡಗಿದರು. ಮದುವೆಯಲ್ಲಿ ಅನ್ನ ಮುಗಿದಿದೆ ಎಂದು ತಿಳಿದಾಗ ಏಳುತ್ತಾರಲ್ಲ, ಹಾಗೆ. "ನಾ ಏನ್ ಹೇಳಿದ್ದೆ?" ಎಂದು ಬಸಲಿಂಗಪ್ಪ ಶೇಂಗಾ ಸಿಪ್ಪೆ ಕೊಡವಿದ. ಹಿಂದಿನ ಬಾಗಿಲು ತೆರೆದು ಸಂಜೆಯ ಬೆಳಕು ಒಳಗೆ ಬಂತು. ಪರದೆಯ ಮೇಲೆ ಒಂದು ಸುಕ್ಕೂ ಇರಲಿಲ್ಲ.

ನಾನು ಕಟ್ಟೆ ಏರಿದೆ. ಕ್ಷಮೆ ಕೇಳಬೇಕೆಂದೇ ಏರಿದೆ. "ಮಹಾಜನಗಳೆ," ಎಂದು ಶುರುಮಾಡಿದ್ದಷ್ಟೇ, ಮಾಳಿಗೆಯ ಸೀಟಿನಿಂದ ಯಾರೋ ಉದ್ದಕ್ಕೆ ಒಂದು ಶಿಳ್ಳೆ ಹೊಡೆದರು. "ಏ ಸುಳ್ಳ ಅಯ್ಯಾ! ಇಳೀ ಕೆಳಗ!"

ಪರದೆಯ ಕೆಳಗಿನ ಅಂಚು ಅಲ್ಲಾಡಿತು.

ಅದನ್ನು ನೋಡಿದವರು ಮೂವರು. ನಾನು, ಆಕಾಶಬಂಧು, ಮತ್ತು ಮೇಲೆ ಚಿತ್ರ ಬಿಡುವ ಕಿಂಡಿಯಲ್ಲಿ ದಾವಲಸಾಬ. "ಅಯ್ಯಾರ!" ಎಂದು ಅವನು ಕಿಂಡಿಯಿಂದ ಕೂಗಿದ. "ನಿಂದರ್ರಿ ಅಲ್ಲೇ! ಇಳೀಬ್ಯಾಡ್ರಿ! ಇನ್ನಷ್ಟು ಮಾತಾಡ್ರಿ!" ದೀಪ ಆರಿದವು, ಯಂತ್ರ ತಿರುಗಿತು, ನನ್ನ ಬೆನ್ನ ಮೇಲೆ ಚಿತ್ರದ ಬೆಳಕು ಬಿತ್ತು.

ಶಿಳ್ಳೆ ಯಾರಿಗೆ, ಯಾತಕ್ಕೆ ಎಂದು ಆ ಬಟ್ಟೆ ಕೇಳುವುದಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಕ್ಷಮೆ ಕೇಳಲು ಮುಗಿದಿದ್ದ ಕೈಗಳನ್ನು ಬಿಡಿಸಿ ಸೊಂಟದ ಮೇಲಿಟ್ಟುಕೊಂಡೆ.

"ಹೌದು, ಸುಳ್ಳು ಹೇಳಿದೆ!" ಎಂದು ಗರ್ಜಿಸಿದೆ. "ಏನೀಗ? ಮೂವತ್ತು ವರ್ಷ ನಿಜ ಹೇಳಿದೆ, ಗೊರಕೆ ಹೊಡೆದಿರಿ. ಎರಡು ದಿನ ಸುಳ್ಳು ಹೇಳಿದೆ, ಗಾಡಿ ತುಂಬ ಕಾಯಿ ಕೊಟ್ಟಿರಿ! ಏ ಬಸಲಿಂಗಪ್ಪಾ, ನಿನ್ನ ಸೊಸೆ ತೋರಿಸುವ ಗೋಡೆಯ ತಗ್ಗು ತಂಬಿಗೆಯದಲ್ಲ, ಅದು ಮೊದಲೇ ಇತ್ತು, ನಾನು ನೋಡಿದ್ದೇನೆ! ನೀವೆಲ್ಲ ಮಂದಿಯೇನ್ರಲೇ? ಕುರಿಗಳು! ಮೆಚ್ಚಿದಿರಲ್ಲ ನನ್ನನ್ನು, ಹಾ ಹಾ ಹಾ!"

ಆ ನಗು ನನಗೆ ಎಲ್ಲಿಂದ ಬಂತೋ ಗೊತ್ತಿಲ್ಲ. ನನ್ನ ಪುರಾಣದ ಯಾವ ರಾಕ್ಷಸನಿಗೂ ನಾನು ಅಷ್ಟು ಒಳ್ಳೆಯ ನಗು ಕೊಟ್ಟಿರಲಿಲ್ಲ. ಹೊರಗೆ ಹೋಗಿದ್ದವರು ಹಿಂದಕ್ಕೆ ಓಡಿ ಬಂದರು. ಶೇಂಗಾ ಸಿಪ್ಪೆ ಬಂತು, ಒಂದು ಚಪ್ಪಲಿ ಬಂತು, ಆಮೇಲೆ ಅದರ ಜೊತೆಯದೂ ಬಂತು. ಶಿಳ್ಳೆಯೋ ಶಿಳ್ಳೆ. ಬಸಲಿಂಗಪ್ಪ ಎರಡು ಬೆರಳು ಬಾಯಲ್ಲಿಟ್ಟು, ಕುತ್ತಿಗೆಯ ನರ ಉಬ್ಬಿಸಿ, ನನ್ನ ಮೂವತ್ತು ವರ್ಷದ ಪುರಾಣಕ್ಕೆ ಸೇರಿಸಿ ಹೊಡೆದ. ಅದೇ ಹೊತ್ತಿಗೆ ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ 'ಆಕಾಶಬಂಧು' ಎಂದು ಬಿತ್ತು. ಬಟ್ಟೆ ಗಾಳಿ ತುಂಬಿದ ಧೋತರದಂತೆ ಉಬ್ಬಿ ನಡುವೆ ಸಡಿಲಾಯಿತು.

ಆಕಾಶಬಂಧು ಒಳಗೆ ಹೋಗಬೇಕಲ್ಲ? ಹೋಗಲಿಲ್ಲ! ನನ್ನ ಮುಂದೆ ಬಂದು ನಿಂತು ಕೆಂಪು ವಸ್ತ್ರ ಹರಡಿ ಚಪ್ಪಲಿಗಳಿಂದ ನನ್ನನ್ನು ಕಾಯತೊಡಗಿದ.

"ಮುದುಕರೊಬ್ಬರು ಅವಮಾನಪಡುತ್ತಿರುವಾಗ ನಾನು ಹೇಗೆ ಹೋಗಲಿ?"

"ಹೋಗೋ ಮಾರಾಯಾ!"

"ಇವರನ್ನು ಸಮಾಧಾನ ಮಾಡಿ..."

"ಬಸ್ಸು!" ಎಂದು ಅವನ ಕಿವಿಯಲ್ಲಿ ಕಿರುಚಿದೆ. "ಬಸ್ಸು, ಬಸ್ಸು!"

ಅವನ ಮುಖ ಬದಲಾಯಿತು. ನನ್ನ ಹೆಗಲು ಮುಟ್ಟಿ, "ಚಾಪೆ ಮಡಚಿ ಮೂಲೆಗೆ ಇಟ್ಟಿದ್ದೇನೆ, ಅಯ್ಯನವರೆ," ಎಂದು ಹೇಳಿ ಬೆಳಕಿನೊಳಗೆ ಹೆಜ್ಜೆ ಇಟ್ಟ. ಬಟ್ಟೆ ಬಿಗಿಯಾಯಿತು. ನಾನು ಚಪ್ಪಲಿಗಳ ನಡುವೆ ಒಬ್ಬನೇ ನಿಂತಿದ್ದೆ.

ಬೈದು ದಣಿದ ಜನ ಕೂತುಬಿಟ್ಟರು. ಕೂತ ಮೇಲೆ ಚಿತ್ರ ನೋಡಿದರು. ಮೂಲೆಯಲ್ಲಿ ನಿಂತು ನಾನೂ ನೋಡಿದೆ. ಎಂಟನೆಯ ರೀಲಿನಲ್ಲಿ ಸೇತುವೆ ಮುರಿಯಿತು. ಅವನು ಬಸ್ಸಿನ ಕೆಳಗೆ ಹೆಗಲು ಕೊಟ್ಟ. ಯಾರೂ ಶಿಳ್ಳೆ ಹೊಡೆಯಲಿಲ್ಲ. ಹೆಂಗಸರ ಕಡೆಯಿಂದ ಮಾತ್ರ ಹಾಲಿನವಳ ದನಿ ಕೇಳಿಸಿತು: "ಸಾವಕಾಶ, ಯಪ್ಪಾ. ಸಾವಕಾಶ ಇಡು."

ಮರುದಿನ ಪೆಟ್ಟಿಗೆ ಹೋಯಿತು. ಹೊಸ ಚಿತ್ರ ಬಂತು. ಮೈತುಂಬ ಗಾಯದ ಗುರುತಿರುವ ನಾಯಕ, ನೂರ ತೊಂಬತ್ತು ಚೀಟಿ. ಬಸಲಿಂಗಪ್ಪ ದಾರಿಯಲ್ಲಿ ಸಿಕ್ಕಿ, "ಅಯ್ಯಾರ, ಆ ನಗಿ ಇನ್ನೊಮ್ಮಿ ನಗ್ರಲಾ," ಎಂದ. ಪಂಚರ ಕುರ್ಚಿ ಹೋಯಿತು. ಒಳ್ಳೆಯವರ ಚಿತ್ರ ಈಗಿನ ಕಾಲದಲ್ಲಿ ಓಡುತ್ತದೆಯೇ ಎಂದು ಯಾರಾದರೂ ಕೇಳಿದರೆ ಬಸಲಿಂಗಪ್ಪನನ್ನು ಕೇಳಿ ಎನ್ನುತ್ತೇನೆ. ಸಂಜೆ ಕಟ್ಟೆ ಏರಿದಾಗ ಏಳು ಜನ ಇದ್ದರು. ದಾನದ ಸಂಧಿಯನ್ನೇ ಹೇಳಿದೆ. ಒಬ್ಬರೂ ತೂಕಡಿಸಲಿಲ್ಲ. ಎಲ್ಲಿ ಸುಳ್ಳು ಸೇರಿಸುತ್ತೇನೋ ಎಂದು ಕಣ್ಣು ಪಿಳುಕಿಸದೆ ಕಾಯುತ್ತಿದ್ದರು.

ಕಾಯಿಗಳು ಮಾತ್ರ ಹಿತ್ತಿಲಲ್ಲಿ ರಾಶಿ ಬಿದ್ದಿದ್ದವು. ಸುಳ್ಳಿಗೆ ಬಂದ ಕಾಯಿಯನ್ನು ಒಡೆಯುವ ಹಾಗಿಲ್ಲ, ಮಾರುವ ಹಾಗಿಲ್ಲ. ಯಾರ್ಯಾರ ಮನೆಯದೋ ಅವರವರ ಬಾಗಿಲಿಗೆ ಮುಟ್ಟಬೇಕು. ಹೋಗಲು ನನಗೆ ಮುಖವಿರಲಿಲ್ಲ. ಇವತ್ತು ಹೋದೇನು, ನಾಳೆ ಹೋದೇನು ಎನ್ನುತ್ತ ದಿನ ಕಳೆದೆ. ರಾಶಿ ಕರಗುತ್ತಿದ್ದುದು ನನ್ನ ಗಮನಕ್ಕೆ ಬಂದದ್ದು ನಾಲ್ಕನೆಯ ದಿನ. ದಾಕ್ಷಾಯಣಿ ಕಸ ಗುಡಿಸುವ ಮೊದಲು ಬುಟ್ಟಿಯಲ್ಲಿ ಐದಾರು ಕಾಯಿ ಇಟ್ಟುಕೊಂಡು, ಅರಿಶಿನದ ಗುರುತು ನೋಡಿ, ಆಯಾ ಹೊಸ್ತಿಲ ಮೇಲೆ ಇಟ್ಟು ಬರುತ್ತಿದ್ದಳು. ಐದನೆಯ ದಿನದಿಂದ ಬುಟ್ಟಿಯ ಇನ್ನೊಂದು ಹಿಡಿಕೆ ನಾನು ಹಿಡಿದುಕೊಂಡೆ. ಬಸಲಿಂಗಪ್ಪನ ಹೊಸ್ತಿಲ ಮೇಲೆ ಇಟ್ಟದ್ದು ಎರಡು. ನಾನು ಸುಳ್ಳು ಹೇಳಿದ ಎರಡೂ ದಿನ ಕೊಟ್ಟಿದ್ದನಂತೆ.

ಎಂಟನೆಯ ದಿನ ಬೆಳಗ್ಗೆ ಹಿತ್ತಿಲಲ್ಲಿ ಒಂದೇ ಕಾಯಿ ಉಳಿದಿತ್ತು. ಎತ್ತಿ ಸುತ್ತ ತಿರುಗಿಸಿ ನೋಡಿದೆ, ಗುರುತಿರಲಿಲ್ಲ. ನಮ್ಮೂರಲ್ಲಿ ಗುರುತಿಲ್ಲದ ಮನೆ ಪುರಾಣ ಹೇಳುವವರದೊಂದೇ. ಹೇಳುವವರು ಕಾಯಿ ಇಡುವುದಿಲ್ಲವಲ್ಲ.

"ಇದು ಯಾರದು?" ಎಂದೆ.

ದಾಕ್ಷಾಯಣಿ ಬಾವಿಯ ಕಡೆ ಮುಖ ಮಾಡಿ ಹಗ್ಗ ಸುತ್ತುತ್ತಿದ್ದಳು.

"ನಂದು."

"ನೀನು ಯಾವಾಗ..."

"ಬುಧವಾರ. ಮಾಳಿಗಿ ಮ್ಯಾಲೆ ಕುಂತಿದ್ದೆ." ಹಗ್ಗ ಸುತ್ತುವುದು ನಿಲ್ಲಲಿಲ್ಲ. "ಸುಳ್ಳ ಅಂತ ಗೊತ್ತಿತ್ರೀ. ನಮ್ಮ ಮನ್ಯಾಗ ಉಂಡ ಹುಡುಗ ಅಲ್ಲೇನು. ಆದ್ರೂ ಆ ತಮ್ಮ ಬೀಳೂ ಹೊತ್ತಿನ್ಯಾಗ ಮುಂದೇನಾತು ಅನಿಸ್ತು. ಮೂವತ್ತು ವರ್ಷದಾಗ ಒಮ್ಮೆನೂ ಹಂಗ ಅನಿಸಿದ್ದಿಲ್ಲ."

ಕಾಯಿಯ ಮೇಲಿನ ಮಣ್ಣನ್ನು ನನ್ನ ಹೆಗಲ ವಸ್ತ್ರದಲ್ಲಿ ಒರೆಸಿದೆ. ಹತ್ತಿರ ಹೋಗಿ, ಉಳಿದವರ ಹೊಸ್ತಿಲ ಮೇಲೆ ಇಟ್ಟ ಹಾಗೆ ಇಡದೆ, ಅವಳ ಎರಡು ಕೈಗೆ ಕೊಟ್ಟೆ. ಅವಳು ಹಗ್ಗ ಬಿಟ್ಟು ತೆಗೆದುಕೊಂಡಳು.